ಹಳದಿ ಟ್ರೇಲ್‌ನಲ್ಲಿ ಹೋಗಬಹುದೇ?

ಪ್ರಶ್ನೆ: ನಾವಿರುವುದು ಕೆನಡಾದ ಒಂಟಾರಿಯೊದಲ್ಲಿ. ನಕ್ಷೆಯಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ವಾಹನ) ಟ್ರೇಲ್ ಹಳದಿ ಇದ್ದರೆ ಹೋಗಬಹುದೇ? ಗಟ್ಟಿ ಹಿಮದ ಮೇಲೆ ಎಂಜಿನ್ ಬಿಸಿಯಾಗುವುದೇಕೆ?

ಉತ್ತರ: ಹೋಗಬಹುದು, ನಿಧಾನವಾಗಿ. ಅಲ್ಲಿ ಹಿಮ ತೆಳುವಿರಬಹುದು, ಕಲ್ಲು-ಮಣ್ಣು ಎದ್ದು ಕಾಣಬಹುದು. ಕೆಂಪಿದ್ದರೆ ಮುಚ್ಚಿದೆ ಎಂದೇ ಅರ್ಥ. ಪರ್ಮಿಟ್ ಇದ್ದರೂ ಇಳಿಯುವಂತಿಲ್ಲ. ಹಸಿರಿದ್ದರೂ ವೇಗದ ಮಿತಿ ಗಂಟೆಗೆ 50 ಕಿ.ಮೀ.

ಇನ್ನು ಎಂಜಿನ್. ಟ್ರ್ಯಾಕ್ (ವಾಹನದಡಿ ಸುತ್ತುವ ಪಟ್ಟಿ) ಎರಚುವ ಹಿಮ ಮೇಲಿನ ಹೀಟ್ ಎಕ್ಸ್‌ಚೇಂಜರ್‌ಗೆ, ಅಂದರೆ ಶಾಖ ಹೊರಹಾಕುವ ಭಾಗಕ್ಕೆ, ಬಡಿದರೇನೇ ಎಂಜಿನ್ ತಂಪಾಗಿಡುವ ದ್ರವ ಕೂಲಂಟ್ ತಣಿಯುವುದು. ಹಿಮ ಗಟ್ಟಿಯಾಗಿದ್ದರೆ ಎರಚಲು ಪುಡಿ ಎಲ್ಲಿಂದ ಬರಬೇಕು? ಟ್ರ್ಯಾಕ್ ಒಳಗಿನ ಪ್ಲಾಸ್ಟಿಕ್ ಸ್ಲೈಡ್‌ಗಳಿಗೂ ಆ ಹಿಮವೇ ಎಣ್ಣೆ. ಅದಿಲ್ಲದಿದ್ದರೆ ಕಾದು, ಕರಗಿ ಸವೆಯುತ್ತವೆ. ಐಸ್ ಸ್ಕ್ರ್ಯಾಚರ್ ಹಾಕಿಸಿ, ಹಿಮ ಕೆದರಿ ಒಳಗೆ ಎಸೆಯುತ್ತದೆ. ಅದು ಗಟ್ಟಿ ಕಬ್ಬಿಣದ್ದಾದರೆ ರಿವರ್ಸ್ ಹಾಕುವ ಮುಂಚೆ ಮೇಲಕ್ಕೆತ್ತಿ, ಇಲ್ಲದಿದ್ದರೆ ಬಾಗುತ್ತದೆ. ಬಿಸಿಯ ದೀಪ ಹೊತ್ತಿತೋ, ಟ್ರೇಲ್ ಅಂಚಿಗೆ ನಿಲ್ಲಿಸಿ ಎಂಜಿನ್ ಆರಿಸಿ, ಸಡಿಲ ಹಿಮವನ್ನು ಕೈಯಿಂದ ಎಕ್ಸ್‌ಚೇಂಜರ್‌ಗೆ ಮೆತ್ತಿ.