ಓದುಗರ ಪ್ರಶ್ನೆ: ಒಳ್ಳೆಯ ವೈಜ್ಞಾನಿಕ ಚಿತ್ರ ಯಾವುದು?

ಬಾಹ್ಯಾಕಾಶ ನೌಕೆಯನ್ನು ತೋರಿಸಿದ ಮಾತ್ರಕ್ಕೆ ಒಂದು ಸಿನಿಮಾ ವೈಜ್ಞಾನಿಕ ಚಿತ್ರವಾಗುವುದಿಲ್ಲ ಎಂದು ಕಳೆದ ಸಂಚಿಕೆಯ ಉತ್ತರವೊಂದರಲ್ಲಿ ಬರೆದಿದ್ದೆ. ಹಾಗಾದರೆ ಯಾವುದರಿಂದ ಆಗುತ್ತದೆ ಎಂದು ಕೇಳಿ ಹಲವರು ಬರೆದಿದ್ದಾರೆ. ಅವುಗಳಲ್ಲಿ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಭೌತಶಾಸ್ತ್ರ ಕಲಿಸುತ್ತೇನೆ. ‘ಇಂಟರ್‌ಸ್ಟೆಲ್ಲರ್’ ಚಿತ್ರವನ್ನು ವಿದ್ಯಾರ್ಥಿಗಳ ಜೊತೆ ನೋಡಿದ ಮೇಲೆ ನಮ್ಮಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ವಿಜ್ಞಾನ ತಪ್ಪಿದ ಚಿತ್ರವನ್ನು ಒಳ್ಳೆಯ ವೈಜ್ಞಾನಿಕ ಚಿತ್ರ ಎನ್ನಲಾಗದು ಎಂಬುದು ನನ್ನ ವಾದ. ಕಥೆ ಮನಸ್ಸಿಗೆ ತಟ್ಟಿದರೆ ಸಾಕು ಎಂಬುದು ಅವರದು. ಯಾರದು ಸರಿ?
(ಉಪನ್ಯಾಸಕರು, ಧಾರವಾಡ)

ಉತ್ತರ: ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ನೀವು ವಿಜ್ಞಾನವನ್ನೂ ಅವರು ಕಥೆಯನ್ನೂ ಬೇರೆ ಬೇರೆ ತಕ್ಕಡಿಗಳಲ್ಲಿಟ್ಟು ತೂಗುತ್ತಿದ್ದೀರಿ ಎನಿಸುತ್ತದೆ. ನೀವು ನೋಡಿದ ಚಿತ್ರದಿಂದಲೇ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ದೈತ್ಯಾಕಾರದ ಕಪ್ಪುಕುಳಿಯೊಂದರ ತೀರ ಹತ್ತಿರದಲ್ಲಿ ನೀರಿನ ಗ್ರಹವೊಂದು ಸುತ್ತುತ್ತಿದೆ. ಅಲ್ಲಿ ಒಂದು ಗಂಟೆ ಕಳೆಯುವುದರೊಳಗೆ ಭೂಮಿಯಲ್ಲಿ ಏಳು ವರ್ಷ ಕಳೆದಿರುತ್ತದೆ. ಈ ಪ್ರಮಾಣವೇ ಬೇಕೆಂದು ಹಟ ಹಿಡಿದವರು ನಿರ್ದೇಶಕ ಕ್ರಿಸ್ಟೋಫರ್ ನೋಲನ್. ಚಿತ್ರದ ವಿಜ್ಞಾನ ಸಲಹೆಗಾರರಾಗಿದ್ದ, ಮುಂದೆ 2017ರಲ್ಲಿ ಗುರುತ್ವದ ಅಲೆಗಳ ಶೋಧಕ್ಕಾಗಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕಿಪ್ ಥಾರ್ನ್ ಅವರಿಗೆ ಮೊದಲು ಅದು ಆಗದ ಮಾತೆನಿಸಿತ್ತು. ಕುಳಿತು ಲೆಕ್ಕ ಹಾಕಿದಾಗ, ಕಪ್ಪುಕುಳಿಯು ತಾನು ತಿರುಗಬಹುದಾದ ಗರಿಷ್ಠ ವೇಗಕ್ಕಿಂತ ಕೂದಲೆಳೆಯಷ್ಟೇ ಕಡಿಮೆ ವೇಗದಲ್ಲಿ ತಿರುಗುತ್ತಿದ್ದರೆ ಅದು ಸಾಧ್ಯವೆಂದು ಅವರೇ ಕಂಡುಕೊಂಡರು.

ಇನ್ನು ತೆರೆಯ ಮೇಲೆ ಏನಾಗುತ್ತದೆ ನೋಡಿ. ಯಾನಿಗಳಿಗೆ ಈ ಲೆಕ್ಕ ಮೊದಲೇ ಗೊತ್ತಿದೆ. ಆದ್ದರಿಂದಲೇ ಅವರು ಮುಖ್ಯ ನೌಕೆಯನ್ನು ದೂರದಲ್ಲಿ ನಿಲ್ಲಿಸಿ, ಒಬ್ಬನನ್ನು ಅಲ್ಲೇ ಬಿಟ್ಟು, ಆದಷ್ಟು ಬೇಗ ಹೋಗಿ ಬರುವ ಯೋಜನೆ ಹಾಕುತ್ತಾರೆ. ಇಳಿದಾಗ ಎಲ್ಲೆಲ್ಲೂ ಮೊಣಕಾಲೆತ್ತರಕ್ಕೂ ಮುಟ್ಟದ ನೀರು. ದೂರದಲ್ಲಿ ಬೆಟ್ಟಗಳ ಸಾಲು. ಬೆಟ್ಟವೆಂದುಕೊಂಡದ್ದು ಅಲೆ ಎಂದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಒಬ್ಬ ಜೊತೆಗಾರನನ್ನು ಕಳೆದುಕೊಂಡು ಅವರು ಮರಳಿದಾಗ ಬಾಗಿಲು ತೆರೆಯುವವನ ಗಡ್ಡ ನರೆತಿದೆ. ಇಪ್ಪತ್ತಮೂರು ವರ್ಷಗಳು ಸಂದುಹೋಗಿವೆ. ಅಷ್ಟು ವರ್ಷ ಮಕ್ಕಳು ಕಳುಹಿಸಿದ ಸಂದೇಶಗಳನ್ನು ತಂದೆ ಒಂದೇ ಕೂರಿಕೆಯಲ್ಲಿ ನೋಡುತ್ತಾನೆ. ಹತ್ತು ವರ್ಷದವಳಾಗಿದ್ದ ಮಗಳು ಕೊನೆಯಲ್ಲಿ ಪರದೆಯ ಮೇಲೆ ಬಂದಾಗ, ತಂದೆ ಮನೆ ಬಿಟ್ಟು ಹೊರಟ ದಿನ ಅವನಿಗೆಷ್ಟು ವಯಸ್ಸಾಗಿತ್ತೋ ಅವಳಿಗೂ ಅಷ್ಟೇ ವಯಸ್ಸಾಗಿದೆ. ನಿಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ತಟ್ಟಿದ್ದು ಬಹುಶಃ ಈ ದೃಶ್ಯವೇ ಇರಬೇಕು. ಅಲ್ಲಿ ಅವರ ಕಣ್ಣಲ್ಲಿ ನೀರು ತರಿಸಿದ್ದು ನೀವು ತರಗತಿಯಲ್ಲಿ ಕಲಿಸುವ ಸಾಪೇಕ್ಷತಾ ಸಿದ್ಧಾಂತ.

ನನ್ನ ಮಾನದಂಡ ಇಲ್ಲಿಂದಲೇ ಹುಟ್ಟಿದ್ದು. ಚಿತ್ರವು ಒಂದು ನಿಯಮವನ್ನು ಮುಂದಿಡಬೇಕು. ಆ ನಿಯಮ ಪಾತ್ರಗಳಿಗೆ ತಿಳಿದಿರಬೇಕು. ಅದಕ್ಕೆ ಒಳಪಟ್ಟು ಅವರು ನಿರ್ಧಾರ ಮಾಡಬೇಕು. ನಿರ್ಧಾರ ತಪ್ಪಿದರೆ ಅದರ ಬೆಲೆಯನ್ನು ಅವರೇ ತೆರಬೇಕು. ಅವರನ್ನು ಉಳಿಸುವ ಸಲುವಾಗಿ ನಿರ್ದೇಶಕರು ನಿಯಮವನ್ನು ಸಡಿಲಿಸಬಾರದು.

ಹೀಗೆ ನೋಡಿದರೆ ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ಅದೇ ಚಿತ್ರದ ಕಪ್ಪುಕುಳಿಯ ಸುತ್ತಲಿನ ಪ್ರಭಾವಲಯ ಎರಡೂ ಬದಿಗಳಲ್ಲಿ ಸಮನಾಗಿ ಹೊಳೆಯುತ್ತದೆ. ನಿಜದಲ್ಲಿ ನಮ್ಮ ಕಡೆಗೆ ಧಾವಿಸುವ ಬದಿ ಹೆಚ್ಚು ಪ್ರಕಾಶಮಾನವಾಗಿ ಕಾಣಬೇಕು. ಪ್ರೇಕ್ಷಕರು ಗೊಂದಲಕ್ಕೊಳಗಾಗಬಾರದೆಂದು ತಿಳಿದೇ ಅದನ್ನು ಕೈಬಿಡಲಾಯಿತು. ಅದರ ಮೇಲೆ ಯಾವ ಪಾತ್ರದ ನಿರ್ಧಾರವೂ ನಿಂತಿಲ್ಲವಾದ್ದರಿಂದ ನನಗೆ ಆಕ್ಷೇಪವಿಲ್ಲ. ‘ದಿ ಮಾರ್ಷಿಯನ್’ (2015) ಚಿತ್ರದಲ್ಲಿ ನಾಯಕನನ್ನು ಮಂಗಳ ಗ್ರಹದಲ್ಲಿ ಒಂಟಿಯಾಗಿಸುವುದು ಒಂದು ಭೀಕರ ಧೂಳುಗಾಳಿ. ಅಲ್ಲಿನ ವಾಯುಮಂಡಲದ ಒತ್ತಡ ನಮ್ಮಲ್ಲಿಯ ನೂರನೆಯ ಒಂದು ಭಾಗಕ್ಕೂ ಕಡಿಮೆಯಿರುವುದರಿಂದ, ಎಷ್ಟೇ ರಭಸದ ಗಾಳಿಯೂ ನೌಕೆಯನ್ನು ಉರುಳಿಸುವ ಬಲ ಪಡೆಯದು. ಮೂಲ ಕಾದಂಬರಿಯ ಲೇಖಕ ಆಂಡಿ ವೀರ್ ಇದನ್ನು ಒಪ್ಪಿಕೊಂಡಿದ್ದಾರೆ. ಆದರೂ ನಾನು ಅದನ್ನು ಮನ್ನಿಸುತ್ತೇನೆ, ಏಕೆಂದರೆ ಆ ತಪ್ಪು ನಾಯಕನನ್ನು ಕಷ್ಟಕ್ಕೆ ನೂಕುತ್ತದೆ. ಕಷ್ಟದಿಂದ ಪಾರಾಗಲು ಅವನು ನೆಚ್ಚುವುದು ಆಲೂಗಡ್ಡೆಯ ಕ್ಯಾಲೊರಿ ಲೆಕ್ಕವನ್ನೂ ನೀರು ತಯಾರಿಸುವ ರಸಾಯನಶಾಸ್ತ್ರವನ್ನೂ. ‘ಇಂಟರ್‌ಸ್ಟೆಲ್ಲರ್’ ಚಿತ್ರದ ಕೊನೆಯ ಭಾಗ ಇದಕ್ಕೆ ತಿರುಗುಮುರುಗು. ಕಪ್ಪುಕುಳಿಯೊಳಗೆ ಬಿದ್ದವನಿಗೆ ಭವಿಷ್ಯದ ಜೀವಿಗಳು ಕಟ್ಟಿಟ್ಟ ಕೋಣೆಯೊಂದು ಸಿಗುತ್ತದೆ, ಅಲ್ಲಿಂದ ಎಲ್ಲವೂ ಸರಿಹೋಗುತ್ತದೆ. ಅಲ್ಲಿಯವರೆಗೆ ಒಂದೊಂದು ಗಂಟೆಗೂ ಲೆಕ್ಕ ಕೇಳಿದ ಚಿತ್ರ ಅಲ್ಲಿ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಟ್ಟಿತೆಂಬ ಬೇಸರ ನನಗಿದೆ. ನಿಮ್ಮ ವಿದ್ಯಾರ್ಥಿಗಳು ಇದನ್ನು ಒಪ್ಪಲಿಕ್ಕಿಲ್ಲ. ಒಪ್ಪದಿರುವವರ ವಾದವನ್ನು ಓದಲು ನನಗೆ ಆಸಕ್ತಿಯಿದೆ.

ಪ್ರಶ್ನೆ: ಭಾಗವತದಲ್ಲಿ ಬರುವ ರೇವತಿಯ ಕಥೆಯಲ್ಲಿ ಕಾಲದ ಅಂತರದ ಕಲ್ಪನೆ ಆಗಲೇ ಇದೆಯಲ್ಲ? ಅದನ್ನು ಚಿತ್ರ ಮಾಡಿದರೆ ವೈಜ್ಞಾನಿಕ ಚಿತ್ರವೆನ್ನಬಹುದೇ?
(ನಿವೃತ್ತ ಶಿಕ್ಷಕಿ, ಉಡುಪಿ)

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಕಥೆ ತಿಳಿಯದವರಿಗಾಗಿ ಹೇಳುತ್ತೇನೆ. ರಾಜ ಕಕುದ್ಮಿ ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆಯುತ್ತಿರುತ್ತದೆ. ಅದು ಮುಗಿಯುವವರೆಗೆ ಕ್ಷಣಕಾಲ ಕಾದು ವಿಷಯ ಪ್ರಸ್ತಾಪಿಸಿದರೆ ಬ್ರಹ್ಮ ನಗುತ್ತಾನೆ: ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿವೆ, ರಾಜ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವರರು ಯಾರೂ ಉಳಿದಿಲ್ಲ. ಕೊನೆಗೆ ರೇವತಿಗೆ ಬಲರಾಮನೊಂದಿಗೆ ವಿವಾಹವಾಗುತ್ತದೆ.

ಮೇಲಿನ ಚಿತ್ರದಲ್ಲೂ ಇರುವುದು ಒಬ್ಬ ತಂದೆ, ಒಬ್ಬ ಮಗಳು, ಎರಡು ವೇಗಗಳಲ್ಲಿ ಹರಿಯುವ ಕಾಲ. ಆದರೆ ಕಕುದ್ಮಿಗೆ ಅಲ್ಲಿಯ ಕಾಲದ ಪರಿ ಮೊದಲು ತಿಳಿದಿರಲಿಲ್ಲ. ಅವನು ಕಾದದ್ದು ಹಾಡಿನ ಮೇಲಿನ ಗೌರವದಿಂದಲೇ ಹೊರತು ಲೆಕ್ಕ ಹಾಕಿ ಅಲ್ಲ. ಆದ್ದರಿಂದ ಅವನದು ತಪ್ಪು ನಿರ್ಧಾರವೂ ಅಲ್ಲ, ಸರಿ ನಿರ್ಧಾರವೂ ಅಲ್ಲ. ಕಥೆಯ ಗಮನವಿರುವುದು ಕಾಲದ ಅಗಾಧತೆಯ ಮೇಲೆ, ಅದರ ಸೊಗಸೂ ಅಲ್ಲೇ ಇದೆ. ಅದನ್ನು ವೈಜ್ಞಾನಿಕ ಕಥೆಯೆಂದು ಕರೆದರೆ ಅದಕ್ಕೇನೂ ಹೆಚ್ಚಿನ ಮಾನ ಬರುವುದಿಲ್ಲ. ಅದು ತನ್ನ ಜಾಗದಲ್ಲೇ ದೊಡ್ಡದು.

ನನ್ನನ್ನು ಕೇಳಿದರೆ, ವೈಜ್ಞಾನಿಕ ಚಿತ್ರ ಮಾಡುವವರು ಪುರಾಣಗಳಿಂದ ಕಲಿಯಬೇಕಾದದ್ದು ಹಿರಣ್ಯಕಶಿಪುವಿನ ಪ್ರಸಂಗದಲ್ಲಿದೆ. ಹಗಲಲ್ಲಿ ಅಲ್ಲ, ಇರುಳಲ್ಲಿ ಅಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಿಂದಲ್ಲ, ಮೃಗದಿಂದಲ್ಲ ಎಂಬ ವರವನ್ನು ಕೊಟ್ಟ ಮೇಲೆ ದೇವರೂ ಅದನ್ನು ಮುರಿಯುವುದಿಲ್ಲ. ಮುಸ್ಸಂಜೆಗೆ ಕಾಯುತ್ತಾನೆ, ಹೊಸ್ತಿಲ ಮೇಲೆ ಕೂರುತ್ತಾನೆ, ಉಗುರನ್ನೇ ಆಯುಧವಾಗಿಸುತ್ತಾನೆ. ಬಯಲಾಟದಲ್ಲಿ ಕಂಬ ಒಡೆಯುವ ಹೊತ್ತಿಗೆ ಕಥೆ ಚೆನ್ನಾಗಿ ಗೊತ್ತಿರುವ ಪ್ರೇಕ್ಷಕರೂ ನೆಟ್ಟಗೆ ಕೂರುತ್ತಾರೆ, ಏಕೆಂದರೆ ಕೊಟ್ಟ ಮಾತಿನ ಪ್ರತಿಯೊಂದು ಷರತ್ತೂ ಅಲ್ಲಿ ಉಳಿದುಕೊಂಡಿರುತ್ತದೆ. ಎಷ್ಟೋ ವೈಜ್ಞಾನಿಕ ಚಿತ್ರಗಳ ಕೊನೆಯ ಹತ್ತು ನಿಮಿಷಗಳಲ್ಲಿ ನನಗೆ ಸಿಗದಿರುವುದು ಈ ಶಿಸ್ತು.

ಪ್ರಶ್ನೆ: ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ಎಲ್ಲರೂ ಹೊಗಳುತ್ತಾರೆ. ಮೂರು ಸಲ ನೋಡಲು ಕುಳಿತು ಮೂರು ಸಲವೂ ಅರ್ಧಕ್ಕೆ ಬಿಟ್ಟೆ. ನಿಧಾನಗತಿಯೇ ಶ್ರೇಷ್ಠತೆಯೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಖಂಡಿತ ಅಲ್ಲ, ನಿಧಾನವಾಗಿದ್ದೂ ಟೊಳ್ಳಾಗಿರುವ ಚಿತ್ರಗಳು ಬೇಕಾದಷ್ಟಿವೆ. ಆದರೆ ಈ ಚಿತ್ರದ ನಿಧಾನಕ್ಕೆ ಕಾರಣವಿದೆ. ಸ್ಟ್ಯಾನ್ಲಿ ಕುಬ್ರಿಕ್ ಇದನ್ನು ತೆರೆಗೆ ತಂದದ್ದು 1968ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮೊದಲು. ನಿರ್ವಾತದಲ್ಲಿ ಸದ್ದಿಲ್ಲ ಎಂಬ ನಿಯಮವನ್ನು ಅವರು ಬಿಡದೆ ಪಾಲಿಸಿದರು. ಯಾನಿ ಹೊರಗೆ ತೇಲುವಾಗ ನಮಗೆ ಕೇಳಿಸುವುದು ಅವನ ಉಸಿರು ಮಾತ್ರ. ತಿರುಗುವ ನೌಕೆಯೊಳಗಿನ ಕೃತಕ ಗುರುತ್ವವನ್ನು ತೋರಿಸಲು ಸುಮಾರು 38 ಅಡಿ ವ್ಯಾಸದ, ನಿಜವಾಗಿಯೂ ತಿರುಗುವ ಚಕ್ರವನ್ನೇ ಕಟ್ಟಿಸಿದರು.

ನಾಲ್ಕನೆಯ ಸಲ ನೋಡುವ ಮನಸ್ಸಿದ್ದರೆ ಒಂದು ದೃಶ್ಯಕ್ಕಾಗಿ ಕಾಯಿರಿ. ನೌಕೆಯನ್ನು ನಡೆಸುವ ಹಾಲ್ ಎಂಬ ಕಂಪ್ಯೂಟರಿನ ಮೇಲೆ ಅನುಮಾನ ಬಂದ ಇಬ್ಬರು ಯಾನಿಗಳು, ಅದಕ್ಕೆ ಮಾತು ಕೇಳಿಸಬಾರದೆಂದು ಸಣ್ಣ ಗೂಡಿನೊಳಗೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಕೇಳಿಸುತ್ತಿದೆಯೇ ಎಂದು ಪರೀಕ್ಷಿಸಲು ಒಂದು ಅಪ್ಪಣೆ ಕೊಟ್ಟು ನೋಡುತ್ತಾರೆ, ಹಾಲ್ ಕದಲುವುದಿಲ್ಲ. ನಿಶ್ಚಿಂತರಾಗಿ ಅದನ್ನು ಸ್ಥಗಿತಗೊಳಿಸುವ ಮಾತಾಡುತ್ತಾರೆ. ಆಗ ಸದ್ದೆಲ್ಲ ನಿಂತು, ಗಾಜಿನಾಚೆ ಒಬ್ಬನ ತುಟಿ, ಇನ್ನೊಬ್ಬನ ತುಟಿ, ಮತ್ತೆ ಮೊದಲನೆಯವನ ತುಟಿ ತೆರೆಯ ತುಂಬ ಕಾಣುತ್ತವೆ. ನಾವು ನೋಡುತ್ತಿರುವುದು ಹಾಲ್‌ನ ಕಣ್ಣಿನಿಂದ ಎಂದು ಅರಿವಾದಾಗ ಮೈ ತಣ್ಣಗಾಗುತ್ತದೆ. ಕಿವಿಯಿಂದ ಪಾರಾದವರು ಕಣ್ಣಿಗೆ ಸಿಕ್ಕಿಬಿದ್ದರು. ಚಿತ್ರ ತಾನು ಹಾಕಿದ ಯಾವ ನಿಯಮವನ್ನೂ ಮುರಿಯಲಿಲ್ಲ. ಅದಕ್ಕೆ ಹಿಂದಿನ ಅಷ್ಟು ಹೊತ್ತಿನ ನಿಶ್ಶಬ್ದ ಇಲ್ಲದೇ ಹೋಗಿದ್ದರೆ, ಆ ತುಟಿಗಳನ್ನು ನಾವು ಅಷ್ಟು ಗಮನವಿಟ್ಟು ನೋಡುತ್ತಲೂ ಇರಲಿಲ್ಲ.

ಪ್ರಶ್ನೆ: ‘ಬ್ಲೇಡ್ ರನ್ನರ್’ (1982) ತೋರಿಸಿದ 2019 ಹಾಗೆ ಬರಲೇ ಇಲ್ಲ. ಭವಿಷ್ಯ ತಪ್ಪಾದರೆ ಚಿತ್ರ ಸೋತಂತಲ್ಲವೇ?
(ಪಿಯುಸಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಇಲ್ಲ. ಆ ಚಿತ್ರದಲ್ಲಿ ಹಾರುವ ಕಾರುಗಳಿವೆ, ಆದರೆ ನಾಯಕ ಕರೆ ಮಾಡಲು ಗೋಡೆಯ ಮೇಲಿನ ಸಾರ್ವಜನಿಕ ವಿಡಿಯೊ ಫೋನನ್ನು ಹುಡುಕುತ್ತಾನೆ. ಕಿಸೆಯಲ್ಲಿ ಇಡುವ ಫೋನಿನ ಕಲ್ಪನೆ ಅಲ್ಲಿಲ್ಲ. ಪಂಚಾಂಗದಂತೆ ಓದಿದರೆ ಅದು ತಪ್ಪೇ. ಆದರೆ ಮನುಷ್ಯನಂತೆಯೇ ಕಾಣುವ, ನೆನಪುಗಳಿರುವ, ನಾಲ್ಕೇ ವರ್ಷ ಆಯುಸ್ಸಿರುವ ಜೀವಿಯನ್ನು ಕೊಲ್ಲುವ ಕೆಲಸ ಒಬ್ಬನ ಹೊಟ್ಟೆಪಾಡಾದರೆ ಅವನೇನಾಗುತ್ತಾನೆ ಎಂಬ ಅದರ ಪ್ರಶ್ನೆಗೆ ತಾರೀಖಿಲ್ಲ.

ಪ್ರಶ್ನೆ: ಕೋಟಿಗಟ್ಟಲೆ ಬಂಡವಾಳವಿಲ್ಲದೆ ಇಂಥ ಚಿತ್ರ ಕನ್ನಡದಲ್ಲಿ ಸಾಧ್ಯವೇ?
(ಕಿರುಚಿತ್ರ ಮಾಡುವ ಗೆಳೆಯರ ಬಳಗ, ಚಿಕ್ಕಬಳ್ಳಾಪುರ)

ಉತ್ತರ: ಸಾಧ್ಯ. ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ‘ಲಾ ಜೆಟೆ’ ಕೇವಲ 28 ನಿಮಿಷಗಳದ್ದು, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳಿಂದ ಕಟ್ಟಿದ್ದು. ಮಲಗಿರುವ ಹೆಣ್ಣೊಬ್ಬಳು ಕಣ್ಣು ತೆರೆಯುವ ಒಂದೇ ಕ್ಷಣ ಅಲ್ಲಿ ಚಿತ್ರ ಚಲಿಸುತ್ತದೆ. ನಾನು ಅದನ್ನು ಮೊದಲು ನೋಡಿದಾಗ ಆ ರೆಪ್ಪೆಗಳ ಅಲುಗಾಟಕ್ಕೆ ಬೆಚ್ಚಿಬಿದ್ದದ್ದು ಇನ್ನೂ ನೆನಪಿದೆ. ಅಮೆರಿಕದ ಶೇನ್ ಕರೂತ್ ಸುಮಾರು ಏಳು ಸಾವಿರ ಡಾಲರಿನಲ್ಲಿ ‘ಪ್ರೈಮರ್’ (2004) ಮಾಡಿದರು. ಆರು ಗಂಟೆ ಹಿಂದಕ್ಕೆ ಹೋಗಬೇಕಾದರೆ ಪೆಟ್ಟಿಗೆಯೊಳಗೆ ಆರು ಗಂಟೆ ಮಲಗಿರಲೇಬೇಕು ಎಂಬ ಒಂದು ನಿಯಮದ ಮೇಲೆ ಇಡೀ ಚಿತ್ರ ನಿಂತಿದೆ. ನಮ್ಮಲ್ಲೇ ಪವನ್ ಕುಮಾರ್ ಜನರಿಂದ ಹಣ ಸಂಗ್ರಹಿಸಿ ‘ಲೂಸಿಯಾ’ (2013) ಮಾಡಿ, ಒಂದು ಗುಳಿಗೆಯಿಂದ ಎರಡು ಬದುಕುಗಳನ್ನು ಹೆಣೆದರು. 2024ರ ‘ಬ್ಲಿಂಕ್’ ಕಾಲಪ್ರಯಾಣವನ್ನೇ ವಸ್ತುವಾಗಿ ಆರಿಸಿಕೊಂಡಿತು. ಪಕ್ಕದ ತೆಲುಗಿನಲ್ಲಿ ಸಿಂಗೀತಂ ಶ್ರೀನಿವಾಸ ರಾವ್ 1991ರಲ್ಲೇ ‘ಆದಿತ್ಯ 369’ ಮಾಡಿ, ಕಾಲಯಂತ್ರವನ್ನು ಕೃಷ್ಣದೇವರಾಯನ ವಿಜಯನಗರಕ್ಕೆ ಕರೆತಂದಿದ್ದರು.

ಇನ್ನೂ ಒಂದು ಉದಾಹರಣೆ ನಿಮಗೆ ಉಪಯೋಗವಾದೀತು. ಸತ್ಯಜಿತ್ ರಾಯ್ 1967ರ ಸುಮಾರಿಗೆ ‘ದಿ ಏಲಿಯನ್’ ಎಂಬ ಚಿತ್ರಕಥೆ ಬರೆದಿದ್ದರು, ಚಿತ್ರ ಆಗಲಿಲ್ಲ. ಅದರಲ್ಲಿ ಅನ್ಯಲೋಕದ ನೌಕೆ ಇಳಿಯುವುದು ಬಂಗಾಳದ ಹಳ್ಳಿಯೊಂದರ ತಾವರೆಕೊಳಕ್ಕೆ. ನೀರಿನಿಂದ ಮೇಲೆದ್ದ ತುದಿಯನ್ನು ಕಂಡ ಹಳ್ಳಿಗರು ಅದು ಮುಳುಗಿದ್ದ ಗುಡಿಯೆಂದು ಪೂಜೆಗೆ ತೊಡಗುತ್ತಾರೆ. ರಾಯ್ ಪರದೇಶದ ನಗರವನ್ನು ಎರವಲು ತರದೆ ತಾವು ಬಲ್ಲ ಕೊಳವನ್ನೇ ಆರಿಸಿಕೊಂಡರು.

ನಿಮ್ಮ ಊರಿನ ಕಡೆಯೇ ನೋಡಿ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ನಿಮಗೆ ಹೊಸತಲ್ಲ. ಯಾವ ಹೊಲದ ಕೆಳಗೆ ಎಷ್ಟು ನೀರಿದೆ, ಅದು ಯಾವ ದಿನ ಮುಗಿಯುತ್ತದೆ ಎಂದು ತಪ್ಪದೆ ಹೇಳುವ ಉಪಕರಣವೊಂದು ಬಂತೆಂದು ಊಹಿಸಿಕೊಳ್ಳಿ. ಅಷ್ಟೇ ನಿಮ್ಮ ಕಲ್ಪನೆ. ಉಳಿದದ್ದೆಲ್ಲ ಇಂದು ಇರುವಂತೆಯೇ ಇರಲಿ. ಅಣ್ಣತಮ್ಮಂದಿರ ಆಸ್ತಿ ಪಾಲಾಗುವ ದಿನ. ಹಿರಿಯರು ಜಗಲಿಯಲ್ಲಿ ಕುಳಿತಿದ್ದಾರೆ, ತಾಯಿ ಒಳಗಿನಿಂದ ಕಾಫಿ ತರುತ್ತಾಳೆ. ಹಿರಿಯವನು ಹಿಂದಿನ ರಾತ್ರಿಯೇ ಎರಡೂ ಹೊಲಗಳನ್ನು ಅಳೆದು ನೋಡಿದ್ದಾನೆ, ಕಿರಿಯವನಿಗೆ ಅದು ತಿಳಿಯದು. ಪದ್ಧತಿಯಂತೆ ಮೊದಲು ಆರಿಸಿಕೊಳ್ಳುವ ಹಕ್ಕು ಕಿರಿಯವನದು, ಅವನು ಕೈ ತೋರಿಸುತ್ತಿರುವುದು ಎಂಟು ತಿಂಗಳಲ್ಲಿ ಬತ್ತಲಿರುವ ಹೊಲದ ಕಡೆಗೆ. ಅಣ್ಣನ ಮುಖದ ಮೇಲೆ ಕ್ಯಾಮೆರಾ ಇಟ್ಟು ಅಲ್ಲಿಂದ ಬರೆಯಲು ಆರಂಭಿಸಿ. ಬರೆದು ಮುಗಿಸಿದಾಗ ನನಗೊಂದು ಪ್ರತಿ ಕಳುಹಿಸಿಕೊಡಿ.