ಲಾರಿ ಕ್ಯಾಬಿನ್ನಿನಲ್ಲಿ ಊಟ: ಒಲೆಗಿಂತ ಮೊದಲು ಬೇಕಾದದ್ದು

ದೂರದ ಟ್ರಿಪ್‌ಗಳಲ್ಲಿ ಮೂರು ಹೊತ್ತೂ ಹೊರಗೆ ತಿನ್ನುವುದರಿಂದ ಭತ್ಯೆಯೆಲ್ಲ ಊಟಕ್ಕೇ ಹೋಗುತ್ತಿದೆ, ತೂಕವೂ ಏರುತ್ತಿದೆ, ಆದ್ದರಿಂದ ಕ್ಯಾಬಿನ್ನಿನಲ್ಲೇ ಅಡುಗೆ ಮಾಡಿಕೊಳ್ಳಲು ಯಾವ ಸಣ್ಣ ಒಲೆ ಒಳ್ಳೆಯದು ಎಂದು ಕೇಳಿದ್ದೀರಿ. ಸದ್ಯಕ್ಕೆ ಒಲೆ ಕೊಳ್ಳಬೇಡಿ ಎಂಬುದು ನನ್ನ ಉತ್ತರ. ಹೊಸ ಒಲೆಯ ಉತ್ಸಾಹ ಎರಡು ವಾರ ಇರುತ್ತದೆ; ಆಮೇಲೆ ದಿನವಿಡೀ ಸ್ಟೀರಿಂಗ್ ಹಿಡಿದು ದಣಿದವರಿಗೆ ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಮನಸ್ಸು ಉಳಿಯುವುದಿಲ್ಲ. ಕ್ಯಾಬಿನ್ನಿನಲ್ಲಿ ಬೇಕಾಗಿರುವುದು ಅಡುಗೆಮನೆಯಲ್ಲ, ಹಸಿವಾಗುವ ಹೊತ್ತಿಗೆ ಕೈಗೆ ಸಿಗುವಂತೆ ಸಿದ್ಧವಾಗಿರುವ ಊಟ.

ಮೊದಲು ಒಂದು ವಾರದ ಖರ್ಚನ್ನು ಬರೆದಿಡಿ. ಚಹಾ, ನೀರಿನ ಬಾಟಲಿ, ಬಿಸ್ಕತ್ತು, ತಂಪು ಪಾನೀಯ ಯಾವುದನ್ನೂ ಬಿಡದೆ ಬರೆದು, ಪೂರ್ಣ ಊಟದ ಲೆಕ್ಕವನ್ನು ಒಂದು ಕಡೆಗೆ, ನಡುನಡುವೆ ತಿಂದು ಕುಡಿದದ್ದನ್ನು ಇನ್ನೊಂದು ಕಡೆಗೆ ಕೂಡಿಸಿ ನೋಡಿ. ನಾನು ಕಂಡಂತೆ ಬಹುತೇಕ ಚಾಲಕರಲ್ಲಿ ಎರಡನೆಯ ಮೊತ್ತವೇ ಅವರ ಊಹೆಯನ್ನು ಮೀರಿರುತ್ತದೆ. ಡೀಸೆಲ್ ಹಾಕಿಸಲು ನಿಂತಾಗ, ಅನ್‌ಲೋಡಿಂಗ್‌ಗೆ ಗಂಟೆಗಟ್ಟಲೆ ಕಾಯುವಾಗ ಹಸಿವಿಲ್ಲದಿದ್ದರೂ ಕೈ ಜೇಬಿಗೆ ಹೋಗುತ್ತದೆ. ತೂಕ ಏರುವುದೂ ಅಲ್ಲಿಂದಲೇ: ನೂರು ಮಿಲಿಲೀಟರಿಗೆ 10 ಗ್ರಾಂನಷ್ಟು ಸಕ್ಕರೆಯಿರುವ ತಂಪು ಪಾನೀಯದ ಅರ್ಧ ಲೀಟರ್ ಬಾಟಲಿಯಲ್ಲಿ 50 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಹನ್ನೆರಡು ಟೀ ಚಮಚಕ್ಕಿಂತ ಹೆಚ್ಚು. ಲೋಡ್ ಇಳಿಸುವ ಕೆಲಸ ನಿಮ್ಮದಲ್ಲದಿದ್ದರೆ ಚಾಲಕನ ದುಡಿಮೆ ಹೆಚ್ಚುಕಡಿಮೆ ಕುಳಿತೇ ಮಾಡುವಂಥದ್ದು. ದಣಿವು ಎಷ್ಟೇ ಇದ್ದರೂ ಹೊಲದಲ್ಲಿ ದುಡಿಯುವವರಷ್ಟು ಆಹಾರವನ್ನು ಆ ದೇಹ ಕೇಳುವುದಿಲ್ಲ.

ಮೊದಲು ಕೊಳ್ಳಬೇಕಾದದ್ದು ಅಗಲ ಬಾಯಿಯ, ಸುಮಾರು 1 ಲೀಟರ್ ಹಿಡಿಯುವ ಒಳ್ಳೆಯ ಸ್ಟೀಲ್ ಫ್ಲಾಸ್ಕ್. ಇದನ್ನು ಚಹಾ ತುಂಬುವ ಪಾತ್ರೆ ಎಂದಷ್ಟೇ ನೋಡಬೇಡಿ, ಇದರಲ್ಲಿ ಅಡುಗೆಯೂ ಆಗುತ್ತದೆ. ಹೊರಡುವ ಮುನ್ನ ಕುದಿಯುವ ನೀರನ್ನು ತುಂಬಿ ಐದು ನಿಮಿಷ ಮುಚ್ಚಿಟ್ಟರೆ ಒಳಗೋಡೆ ಕಾಯುತ್ತದೆ. ಅಷ್ಟರಲ್ಲಿ ನೆನೆಸಿದ ಅಕ್ಕಿಯನ್ನೋ ಗೋಧಿ ನುಚ್ಚನ್ನೋ, ಅದರ ಜೊತೆಗೆ ಬೇಗ ಬೇಯುವ ಒಡೆದ ಬೇಳೆಯನ್ನೂ ಸಣ್ಣಗೆ ಹೆಚ್ಚಿದ ತರಕಾರಿಯನ್ನೂ ಧಾರಾಳ ನೀರಿನಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ, ಫ್ಲಾಸ್ಕಿನ ನೀರನ್ನು ಚೆಲ್ಲಿ, ಕುದಿ ಆರುವ ಮೊದಲೇ ಇದನ್ನು ಕತ್ತಿನವರೆಗೆ ಸುರಿದು ಬಿಗಿಯಾಗಿ ಮುಚ್ಚಿ. ಅರ್ಧಂಬರ್ಧ ತುಂಬಿದರೆ ಬೇಗ ಆರಿ ಕಾಳು ಗಟ್ಟಿಯಾಗಿ ಉಳಿಯುತ್ತದೆ. ಎರಡು ಮೂರು ಗಂಟೆಯ ನಂತರ ತೆರೆದಾಗ ಹಬೆಯಾಡುವ, ಮೆತ್ತಗೆ ಬೆಂದ ಊಟ ಸಿಗುತ್ತದೆ. ಹಬೆ ಇರುವಾಗಲೇ ಉಣ್ಣಬೇಕು, ಮುಚ್ಚಿಟ್ಟು ರಾತ್ರಿಗೆ ಉಳಿಸಬಾರದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ರಾಜ್ಮಾ ಕಾಳನ್ನು ಎಂದಿಗೂ ಫ್ಲಾಸ್ಕಿನಲ್ಲಾಗಲಿ ನಿಧಾನ ಉರಿಯ ವಿದ್ಯುತ್ ಪಾತ್ರೆಯಲ್ಲಾಗಲಿ ಹಸಿಯಿಂದ ಬೇಯಿಸಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷವಸ್ತು ನಾಶವಾಗಲು ಕಾಳನ್ನು ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಕುದಿಬಿಂದುವನ್ನು ಮುಟ್ಟದ ಬಿಸಿಯಲ್ಲಿ ಅರೆಬೆಂದ ನಾಲ್ಕೈದು ಕಾಳುಗಳೇ ವಾಂತಿ ಭೇದಿಗೆ ಸಾಕು; ಟ್ರಿಪ್ ನಡುವೆ ಅಂಥ ಸ್ಥಿತಿ ಯಾರಿಗೂ ಬೇಡ.

ಲಾರಿಯ ಸಾಕೆಟ್ಟಿಗೆ ಸಿಕ್ಕಿಸಿ ಊಟ ಬಿಸಿ ಮಾಡುವ ಡಬ್ಬಿ ಮತ್ತು ಫ್ರಿಜ್ ವಿಷಯಕ್ಕೆ ಬಂದರೆ, ಕೊಳ್ಳುವ ಮೊದಲು ನಿಮ್ಮ ಲಾರಿಯ ಸಾಕೆಟ್ 12 ವೋಲ್ಟಿನದೋ 24 ವೋಲ್ಟಿನದೋ, ಅದರ ಫ್ಯೂಸ್ ಎಷ್ಟು ಆಂಪಿಯರಿನದು ಎಂಬುದನ್ನು ನೋಡಿಕೊಳ್ಳಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಿಗುವ ವ್ಯಾಟ್ ನಿಮ್ಮ ಮಿತಿ: 12 ವೋಲ್ಟ್, 15 ಆಂಪಿಯರ್ ಎಂದರೆ 180 ವ್ಯಾಟ್, ಅಷ್ಟೇ. ಮನೆಯ 1500 ವ್ಯಾಟಿನ ಕೆಟಲನ್ನು 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಓಡಿಸಲು 125 ಆಂಪಿಯರಿಗೂ ಹೆಚ್ಚು ಬೇಕು. ಸಾಕೆಟ್ಟಿನ ತಂತಿ ಅದನ್ನು ತಾಳುವುದಿಲ್ಲ. ದೊಡ್ಡ ಫ್ಯೂಸ್ ಹಾಕಿಬಿಟ್ಟರೆ ಆಯಿತು ಎಂದು ಸಲಹೆ ಕೊಡುವವರ ಮಾತನ್ನು ಕೇಳಬೇಡಿ, ಫ್ಯೂಸ್ ಉಳಿದು ತಂತಿ ಹೊತ್ತಿಕೊಳ್ಳುತ್ತದೆ. ಸುಮಾರು 150 ವ್ಯಾಟಿನ, ಮುಚ್ಚಳ ಭದ್ರವಾಗಿರುವ ಡಬ್ಬಿ ಸಾಕು. ಲೀಟರಿನಷ್ಟು ತಣ್ಣಗಿನ ಸಾರು ಅದರಲ್ಲಿ ಕಾಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುವುದರಿಂದ, ನಿಲ್ಲುವ ಜಾಗಕ್ಕೆ ಒಂದು ಗಂಟೆ ಮೊದಲೇ ಸ್ವಿಚ್ ಹಾಕುವ ಅಭ್ಯಾಸ ಬೇಕು. ಡಬ್ಬಿಯನ್ನು ಪಟ್ಟಿಯಿಂದ ಕಟ್ಟಿಡಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಬಿಸಿ ಸಾರು ಪೆಡಲುಗಳ ಕಡೆಗೆ ಹರಿಯಬಾರದು.

ಅಗ್ಗಕ್ಕೆ ಸಿಗುವ ಥರ್ಮೋಎಲೆಕ್ಟ್ರಿಕ್ ಕೂಲರ್, ಅಂದರೆ ಕಂಪ್ರೆಸರ್ ಇಲ್ಲದ ವಿದ್ಯುತ್ ತಂಪು ಪೆಟ್ಟಿಗೆ, ಸುತ್ತಲಿನ ಗಾಳಿಗಿಂತ ಸುಮಾರು 15ರಿಂದ 20 ಡಿಗ್ರಿ ಮಾತ್ರ ತಣ್ಣಗಾಗಿಸುತ್ತದೆ. ಬಿಸಿಲಿನಲ್ಲಿ ನಿಂತ ಕ್ಯಾಬಿನ್ 40 ಡಿಗ್ರಿ ಇದ್ದರೆ ಒಳಗಿನ ಮೊಸರು 20 ಡಿಗ್ರಿಗೂ ಇಳಿಯುವುದು ಕಷ್ಟ. ಹಣ ಹೊಂದಿಸಲು ಸಾಧ್ಯವಾದರೆ ಕಂಪ್ರೆಸರ್ ಇರುವುದನ್ನೇ, ಬ್ಯಾಟರಿ ಇಳಿದಾಗ ತಾನಾಗಿ ನಿಲ್ಲುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ. ಆಗದಿದ್ದರೆ ಕೂಲರಿಗೆ ಹಣ ಸುರಿಯುವ ಬದಲು ದಪ್ಪ ಗೋಡೆಯ ಐಸ್ ಪೆಟ್ಟಿಗೆ ಮತ್ತು ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳು ವಾಸಿ. ಬಾಟಲಿಗಳನ್ನು ಮೇಲಿಡಿ, ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಕರಗಿದ ಮೇಲೆ ಅದೇ ನೀರನ್ನು ಕುಡಿಯಬಹುದು.

ಬೇಯಿಸಿದ ಆಹಾರ 5ರಿಂದ 60 ಡಿಗ್ರಿಗಳ ನಡುವೆ ಇರುವಾಗ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ. ಎರಡು ಗಂಟೆಗಿಂತ ಹೆಚ್ಚು, ಸೆಖೆಯ ದಿನವಾದರೆ ಒಂದು ಗಂಟೆಗಿಂತ ಹೆಚ್ಚು ಹಾಗೆ ಬಿಡಬಾರದು. ಅನ್ನದ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉತ್ಪಾದಿಸುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮನೆಯಿಂದ ಒಯ್ಯುವ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಹೊತ್ತಿಗೆ ಒಂದರಂತೆ ಚಪ್ಪಟೆ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಹಾಕಬೇಕು. ಬೇಯಿಸಿದ ಕಾಳು, ಪಲ್ಯಗಳನ್ನು ಮನೆಯಲ್ಲೇ ಹೆಪ್ಪುಗಟ್ಟಿಸಿ ಒಯ್ದರೆ ಅವೇ ಮೊದಲ ದಿನ ಐಸಿನ ಕೆಲಸವನ್ನೂ ಮಾಡುತ್ತವೆ. ಮೀನು ಮಾಂಸವನ್ನು ಹಸಿಯಾಗಿ ಒಯ್ಯುವ ಗೋಜಿಗೆ ನಾನು ಹೋಗುವುದಿಲ್ಲ.

ಫ್ರಿಜ್ ಇಲ್ಲದೆಯೂ ಉಳಿಯುವ ಸಾಮಾನು ಬೇಕಾದಷ್ಟಿದೆ: ಕ್ಯಾರೆಟ್, ಎಲೆಕೋಸು, ಈರುಳ್ಳಿ, ಬಾಳೆಹಣ್ಣು, ಸೇಬು, ಓಟ್ಸ್, ಹುರಿದ ಕಡಲೆ, ಕಡಲೆಕಾಯಿ ಬೀಜ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಆದರೆ 550 ಕ್ಯಾಲೊರಿಯಷ್ಟು ಶಕ್ತಿಯೂ ಇದೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಓಡಿಸಿದರೆ ಎಷ್ಟು ಖಾಲಿಯಾಯಿತೆಂದು ತಿಳಿಯುವುದೇ ಇಲ್ಲ; ಒಂದು ಹಿಡಿಯಂತೆ ಸಣ್ಣ ಡಬ್ಬಿಗಳಲ್ಲಿ ಹಾಕಿಡುವುದು ಮೇಲು. ದಿಢೀರ್ ನೂಡಲ್ಸ್ ತುರ್ತಿಗೆ ಇರಲಿ, ದಿನದ ಊಟವಾಗುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಒಂದೇ ಪ್ಯಾಕೆಟ್ಟಿನಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಇರುವುದು ಅಪರೂಪವಲ್ಲ. ಲೇಬಲ್ಲಿನಲ್ಲಿ ಸೋಡಿಯಂ ಎಂದಿದ್ದರೆ ಎರಡೂವರೆಯಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ.

ರಾತ್ರಿ ಓಡಿಸುವವರು ದೊಡ್ಡ ಊಟವನ್ನು ಹೊರಡುವ ಮೊದಲೇ ಮುಗಿಸಿ, ನಡುರಾತ್ರಿಯ ನಂತರ ಮೊಸರು, ಹಣ್ಣು, ಬೇಯಿಸಿದ ಮೊಟ್ಟೆಯಂಥ ಹಗುರವಾದದ್ದನ್ನಷ್ಟೇ ತಿನ್ನುವುದು ಒಳ್ಳೆಯದು. ಆ ಹೊತ್ತಿನಲ್ಲಿ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ, ತುಂಬಿದ ಹೊಟ್ಟೆ ನಿದ್ದೆಯನ್ನೂ ಎಳೆಯುತ್ತದೆ. ಕಾಫಿಯ ಪರಿಣಾಮ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕಾದುದರಿಂದ, ಲಾರಿ ನಿಲ್ಲಿಸಿ ಮಲಗುವ ಹೊತ್ತನ್ನು ನೋಡಿಕೊಂಡು ಕೊನೆಯ ಲೋಟವನ್ನು ತೀರ್ಮಾನಿಸಿ. ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆಂದು ನೀರನ್ನೇ ಬಿಡುವವರು ನಮ್ಮಲ್ಲಿ ಅನೇಕರು. ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಗೆ ಆಗುವ ಖರ್ಚನ್ನು ಯಾವ ಉಳಿತಾಯವೂ ತುಂಬಿಕೊಡುವುದಿಲ್ಲ. ಐದು ಲೀಟರಿನ ಕ್ಯಾನ್ ಒಂದನ್ನು ಮನೆಯಿಂದಲೇ ತುಂಬಿಕೊಂಡರೆ ಬಾಟಲಿ ಕೊಳ್ಳುವ ಲೆಕ್ಕವೂ ಹೋಗುತ್ತದೆ.

ಹೊರಗಿನ ಊಟವನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ದಿನಕ್ಕೆ ಒಂದು ಹೊತ್ತು ಕುಳಿತು, ಬಿಸಿಯಾಗಿ ಉಣ್ಣುವುದು ಮನಸ್ಸಿಗೂ ಬೇಕು. ಉಳಿದೆರಡು ಹೊತ್ತು ಮತ್ತು ನಡುವಿನ ತಿನಿಸು ಕ್ಯಾಬಿನ್ನಿನದಾದರೆ ಖರ್ಚು ತಾನಾಗಿ ಹಿಡಿತಕ್ಕೆ ಬರುತ್ತದೆ. ಇಷ್ಟಾದ ಮೇಲೂ ಒಲೆ ಬೇಕೇಬೇಕು ಎನಿಸಿದರೆ, ಗ್ಯಾಸ್ ಒಲೆಯನ್ನು ಮುಚ್ಚಿದ ಕ್ಯಾಬಿನ್ನಿನೊಳಗೆ ಎಂದೂ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಹೊರಗೆ, ಗಾಳಿಯಾಡುವ ಸಮತಟ್ಟಾದ ನೆಲದ ಮೇಲೆ, ಟ್ಯಾಂಕಿನಿಂದ ದೂರ ಇಟ್ಟೇ ಬಳಸಿ. ಹೊತ್ತಿಕೊಳ್ಳುವ ಸರಕು ಹೇರಿಕೊಂಡ ಟ್ರಿಪ್ಪಿಗೆ ಅದನ್ನು ಒಯ್ಯಲೇಬೇಡಿ. ಲಾರಿಯ ವೋಲ್ಟ್, ಸಾಕೆಟ್ಟಿನ ಫ್ಯೂಸ್ ಎಷ್ಟಿದೆ ಎಂದು ನೋಡಿ ತಿಳಿಸಿದರೆ ಯಾವ ಬಗೆಯ ಡಬ್ಬಿ ಹೊಂದುತ್ತದೆ ಎಂದು ಹೇಳಬಲ್ಲೆ.