ಅಶ್ಲೀಲ ಚಿತ್ರ: ಕಾನೂನು ಸುಮ್ಮನಿರುವುದೆಲ್ಲಿ, ಸುಮ್ಮನಿರದಿರುವುದೆಲ್ಲಿ

ಓದುಗರ ಕಾನೂನು ಪ್ರಶ್ನೆಗಳಿಗೆ ಬಳ್ಳಾರಿಯ ವಕೀಲರೊಬ್ಬರ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಶಿಕ್ಷಕ. ಒಂಬತ್ತನೇ ತರಗತಿಯ ಕೆಲವು ಹುಡುಗರ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊಗಳು ಕಂಡುಬಂದ ಕಾರಣ ಪಾಲಕರ ಸಭೆ ಕರೆದಿದ್ದೆವು. ಒಬ್ಬ ತಂದೆ ಎದ್ದು, "ಹೊರದೇಶಗಳಲ್ಲಿ ಇದು ಕಾನೂನುಬದ್ಧ ವ್ಯಾಪಾರವಂತೆ. ನಮ್ಮಲ್ಲೂ ಹಾಗೆಯೇ? ಸರ್ಕಾರ ಇದನ್ನು ಪೂರ್ತಿ ನಿಲ್ಲಿಸುವುದಿಲ್ಲವೇಕೆ?" ಎಂದು ಕೇಳಿದರು. ನನ್ನಿಂದ ಉತ್ತರಿಸಲಾಗಲಿಲ್ಲ. ವಿವರಿಸುವಿರಾ?
— ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಆ ತಂದೆಗೆ ಮೊದಲು ತಿಳಿಸಬೇಕಾದದ್ದು, ನಮ್ಮ ದೇಶದಲ್ಲಿ ಅಶ್ಲೀಲ ಚಿತ್ರದ ವ್ಯಾಪಾರ ಕಾನೂನುಬದ್ಧವಲ್ಲ ಎಂಬುದನ್ನು. ಅಶ್ಲೀಲ ವಸ್ತುವನ್ನು ಮಾರುವುದು, ಬಾಡಿಗೆಗೆ ಕೊಡುವುದು, ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಇವುಗಳಿಗಾಗಿ ತಯಾರಿಸುವುದು ಅಥವಾ ಇಟ್ಟುಕೊಳ್ಳುವುದು, ಹಳೆಯ ದಂಡ ಸಂಹಿತೆಯ ಬದಲಿಗೆ 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆವಾಸ ಮತ್ತು 5,000 ರೂಪಾಯಿವರೆಗೆ ದಂಡವಿದೆ. ಅದೇ ವಸ್ತುವನ್ನು ಮಕ್ಕಳಿಗೆ ಕೊಟ್ಟರೆ 295ನೇ ಕಲಂ ಪ್ರಕಾರ ಸೆರೆವಾಸ ಮೂರು ವರ್ಷದವರೆಗೆ ಏರುತ್ತದೆ. ಲೈಂಗಿಕ ಕ್ರಿಯೆ ನೇರವಾಗಿ ಕಾಣುವ ವಿಡಿಯೊವನ್ನು ಮೊಬೈಲಿನಲ್ಲೋ ಅಂತರ್ಜಾಲದಲ್ಲೋ ಪ್ರಕಟಿಸಿದವರಿಗೆ, ರವಾನಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಐದು ವರ್ಷದವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಕಾನೂನು ಶಿಕ್ಷಿಸದೆ ಬಿಟ್ಟಿರುವುದು ಒಂದನ್ನು ಮಾತ್ರ: ವಯಸ್ಕರೊಬ್ಬರು ವಯಸ್ಕರಿರುವ ಚಿತ್ರವನ್ನು ಯಾರಿಗೂ ತೋರಿಸದೆ, ಯಾರಿಗೂ ಕಳುಹಿಸದೆ, ತಮ್ಮಷ್ಟಕ್ಕೆ ತಾವು ನೋಡುವುದನ್ನು. ಜನ ಇದನ್ನೇ "ಕಾನೂನಿನ ಒಪ್ಪಿಗೆ ಇದೆ" ಎಂದು ತಿಳಿದುಕೊಂಡಿದ್ದಾರೆ.

ಈ ಸ್ಥಿತಿ ಹೇಗೆ ಬಂತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1860ರ ಭಾರತೀಯ ದಂಡ ಸಂಹಿತೆ ಅಶ್ಲೀಲ ಪುಸ್ತಕದ ಮಾರಾಟವನ್ನು 292ನೇ ಕಲಂನಲ್ಲಿ ಅಪರಾಧವೆಂದು ಸಾರಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಆ ಸಂಹಿತೆ ಇಲ್ಲಿಗೆ ಆರಂಭದಲ್ಲೇ ಅನ್ವಯವಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳಗಳಿಗೆ ಅದು ವಿಸ್ತರಿಸಿದ್ದು 1951ರಲ್ಲಿ. ಆದರೆ ಯಾವುದು ಅಶ್ಲೀಲ ಎಂಬುದನ್ನು ಸಂಹಿತೆ ಹೇಳಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು 1868ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಹಿಕ್ಲಿನ್ ಪ್ರಕರಣದಲ್ಲಿ ಕೊಟ್ಟ ತೀರ್ಪು. ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವ ಮನಸ್ಸುಳ್ಳವರ ಕೈಗೆ ಸಿಕ್ಕರೆ ಅವರನ್ನು ಕೆಡಿಸುವ ಪ್ರವೃತ್ತಿ ಆ ಬರಹಕ್ಕಿದೆಯೇ ಎಂಬುದೊಂದೇ ಅದರ ಒರೆಗಲ್ಲು. ಬರೆದವರ ಉದ್ದೇಶವಾಗಲಿ, ಇಡೀ ಪುಸ್ತಕದ ಸ್ವರೂಪವಾಗಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ಪುಟ ಸಾಕಾಗುತ್ತಿತ್ತು. ಸ್ವತಂತ್ರ ಭಾರತದ ಸುಪ್ರೀಂ ಕೋರ್ಟ್ ಕೂಡ 1964ರ ರಂಜಿತ್ ಉದೇಶಿ ಪ್ರಕರಣದಲ್ಲಿ ಇದೇ ಒರೆಗಲ್ಲನ್ನು ಬಳಸಿ, ಇಂಗ್ಲಿಷ್ ಕಾದಂಬರಿಯೊಂದನ್ನು ಮಾರಿದ ಮುಂಬೈನ ಪುಸ್ತಕ ವ್ಯಾಪಾರಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಂಗ್ಲೆಂಡ್ ಅಷ್ಟರಲ್ಲಾಗಲೇ 1959ರ ಹೊಸ ಕಾಯ್ದೆಯ ಮೂಲಕ ಹಳೆಯ ನಿಲುವನ್ನು ಸಡಿಲಿಸಿ, ಕೃತಿಯನ್ನು ಇಡಿಯಾಗಿ ನೋಡಬೇಕೆಂದು ಹೇಳಿಯಾಗಿತ್ತು ಎಂಬುದನ್ನು ಗಮನಿಸಬೇಕು.

ಅದೇ ಹಳೆಯ ಕಲಂನಲ್ಲಿ ನಮ್ಮ ಭಾಗದವರು ತಿಳಿದಿರಬೇಕಾದ ಒಂದು ವಿನಾಯಿತಿಯೂ ಇತ್ತು. ದೇವಸ್ಥಾನದಲ್ಲಿ ಕೆತ್ತಿದ ಅಥವಾ ಬರೆದ ರೂಪಗಳಿಗೆ, ದೇವರ ಮೂರ್ತಿಯನ್ನು ಕೂರಿಸಿ ಎಳೆಯುವ ತೇರಿನ ಮೇಲಿನ ಕೆತ್ತನೆಗಳಿಗೆ ಆ ಕಲಂ ಅನ್ವಯಿಸುವುದಿಲ್ಲ ಎಂಬುದೇ ಆ ವಿನಾಯಿತಿ. ಪ್ರಾಚೀನ ಸ್ಮಾರಕಗಳ ಶಿಲ್ಪಗಳಿಗೂ ಅದು ಈಗ ಸಲ್ಲುತ್ತದೆ. ಜಾತ್ರೆಯ ದಿನ ಹಳೆಯ ಮರದ ತೇರಿನ ಅಡಿಯ ಪಟ್ಟಿಕೆಗಳಲ್ಲಿ ಮಿಥುನ ಶಿಲ್ಪಗಳನ್ನು ಕಂಡವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. 1969ರ ತಿದ್ದುಪಡಿಯು ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಪ್ರಕಟವಾದದ್ದಕ್ಕೂ ರಕ್ಷಣೆ ಕೊಟ್ಟಿತು. ದೇಹವನ್ನು ತೋರಿಸಿದ್ದೆಲ್ಲ ಅಪರಾಧ ಎಂದು ನಮ್ಮ ಕಾನೂನು ಯಾವ ಕಾಲದಲ್ಲೂ ಹೇಳಿದ್ದಿಲ್ಲ.

ಹೊರದೇಶಗಳ ವಿಚಾರಕ್ಕೆ ಬಂದರೆ, ಮೊದಲು ಬಾಗಿಲು ತೆರೆದದ್ದು ಡೆನ್ಮಾರ್ಕ್. 1967ರಲ್ಲಿ ಬರಹಗಳ ಮೇಲಿದ್ದ ನಿಷೇಧವನ್ನೂ 1969ರಲ್ಲಿ ಚಿತ್ರಗಳ ಮೇಲಿದ್ದ ನಿಷೇಧವನ್ನೂ ಅದು ತೆಗೆದುಹಾಕಿತು. ಅಮೆರಿಕದಲ್ಲಿ ನಡೆದದ್ದು ಬೇರೆ. ಅಲ್ಲಿ ಅಶ್ಲೀಲವೆಂದು ತೀರ್ಮಾನವಾದ ವಸ್ತುವಿಗೆ ಸಂವಿಧಾನದ ರಕ್ಷಣೆ ಇಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು, ಇಂದಿಗೂ ಅದು ಬದಲಾಗಿಲ್ಲ. ಬದಲಾದದ್ದು ಅಶ್ಲೀಲ ಎಂಬುದರ ವ್ಯಾಪ್ತಿ. 1973ರ ಮಿಲ್ಲರ್ ತೀರ್ಪಿನ ಪ್ರಕಾರ, ಸ್ಥಳೀಯ ಸಮಾಜದ ಸಾಮಾನ್ಯ ವ್ಯಕ್ತಿಯ ದೃಷ್ಟಿಯಲ್ಲಿ ಕೃತಿ ಇಡಿಯಾಗಿ ಕಾಮವಿಕಾರವನ್ನೇ ಕೆರಳಿಸುವಂತಿರಬೇಕು, ಕಾನೂನು ಹೆಸರಿಸಿದ ಲೈಂಗಿಕ ವರ್ತನೆಯನ್ನು ಅದು ಹೇಸಿಗೆ ಹುಟ್ಟುವಂತೆ ತೋರಿಸಬೇಕು, ಜೊತೆಗೆ ಅದಕ್ಕೆ ಸಾಹಿತ್ಯ, ಕಲೆ, ರಾಜಕೀಯ, ವಿಜ್ಞಾನದ ಯಾವ ಗಂಭೀರ ಮೌಲ್ಯವೂ ಇರಬಾರದು. ಈ ಮೂರೂ ಸಾಬೀತಾದರಷ್ಟೇ ಶಿಕ್ಷೆ. ಈ ಇಕ್ಕಟ್ಟಾದ ವ್ಯಾಖ್ಯೆಯ ಹೊರಗೆ ಉಳಿದ ದೊಡ್ಡ ಭಾಗವೇ ಅಲ್ಲಿ ಉದ್ಯಮವಾಗಿ ಬೆಳೆಯಿತು. ಅದಕ್ಕೂ ಮೊದಲು, 1969ರಲ್ಲಿ, ಸ್ಟ್ಯಾನ್ಲಿ ಎಂಬವರ ಪ್ರಕರಣ ಬಂದಿತ್ತು. ಜೂಜಿನ ದಾಖಲೆ ಹುಡುಕಲು ಮನೆಗೆ ನುಗ್ಗಿದ ಪೊಲೀಸರಿಗೆ ಮೇಜಿನ ಡ್ರಾಯರಿನಲ್ಲಿ ಫಿಲ್ಮ್ ಸುರುಳಿಗಳು ಸಿಕ್ಕವು. ತನ್ನ ಮನೆಯಲ್ಲಿ ಒಂಟಿಯಾಗಿ ಕುಳಿತವನು ಯಾವ ಪುಸ್ತಕ ಓದಬೇಕು, ಯಾವ ಚಿತ್ರ ನೋಡಬೇಕು ಎಂದು ಹೇಳುವುದು ಸರ್ಕಾರದ ಕೆಲಸವಲ್ಲ ಎಂದು ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ನೋಡುವವರ ಮನೆಗೂ ಮಾರುವವರ ಅಂಗಡಿಗೂ ನಡುವೆ ಕಾನೂನು ಗೆರೆ ಎಳೆದ ಪ್ರಕರಣವಿದು.

ನಮ್ಮಲ್ಲಿ ಹಿಕ್ಲಿನ್ ಒರೆಗಲ್ಲು ಬಿದ್ದುಹೋಗಲು 2014ರವರೆಗೆ ಕಾಯಬೇಕಾಯಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತಮ್ಮ ಭಾವಿ ಪತ್ನಿಯೊಂದಿಗೆ ವಿವಸ್ತ್ರರಾಗಿ, ವರ್ಣದ್ವೇಷವನ್ನು ಪ್ರತಿಭಟಿಸಿ ತೆಗೆಸಿಕೊಂಡ ಭಾವಚಿತ್ರವೊಂದನ್ನು ಕೋಲ್ಕತ್ತದ ಪತ್ರಿಕೆಗಳು 1993ರಲ್ಲಿ ಮರುಮುದ್ರಿಸಿದ್ದವು. ಅವೀಕ್ ಸರ್ಕಾರ್ ಹೆಸರಿನ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂದಿನ ಸಮಾಜದ ಮಾನದಂಡದಿಂದ, ಕೃತಿಯ ಸಂದರ್ಭ ಮತ್ತು ಸಂದೇಶವನ್ನು ಗಮನಿಸಿ ಅಳೆಯಬೇಕೇ ಹೊರತು ಅತಿ ದುರ್ಬಲ ಮನಸ್ಸಿನವರನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು ಎಂದಿತು. ಮರುವರ್ಷ, ಅಶ್ಲೀಲ ಜಾಲತಾಣಗಳನ್ನೆಲ್ಲ ನಿಷೇಧಿಸಬೇಕೆಂಬ ಅರ್ಜಿಯ ವಿಚಾರಣೆಯಲ್ಲಿ ಕನ್ನಡಿಗರೇ ಆದ ಅಂದಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು, ತನ್ನ ಕೋಣೆಯ ನಾಲ್ಕು ಗೋಡೆಗಳೊಳಗೆ ನೋಡುವ ವಯಸ್ಕನನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಮೌಖಿಕವಾಗಿ ಎತ್ತಿದರು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. 2023ರಲ್ಲಿ ಕೇರಳ ಹೈಕೋರ್ಟ್, ಯಾರಿಗೂ ತೋರಿಸದೆ ತನ್ನ ಮೊಬೈಲಿನಲ್ಲಿ ನೋಡುತ್ತಿದ್ದವನ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ಅದೇ ತೀರ್ಪಿನಲ್ಲಿ, ಮಕ್ಕಳ ಕೈಗೆ ಮೊಬೈಲ್ ಕೊಡುವ ಪಾಲಕರನ್ನೂ ಎಚ್ಚರಿಸಿತು.

ನನ್ನ ನಿಲುವನ್ನು ಮರೆಮಾಚುವುದಿಲ್ಲ. ನೋಡುವವನ ಮನಸ್ಸು ಕೆಡುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಕಾನೂನು ನೂರೈವತ್ತು ವರ್ಷ ಕಳೆಯಿತು. ಆ ಚಿತ್ರದಲ್ಲಿರುವ ಹೆಂಗಸಿಗೆ ಏನಾಯಿತು ಎಂದು ಕೇಳಿದ್ದು ತೀರಾ ಈಚೆಗೆ. 1980ರ ದಶಕದಲ್ಲಿ ಅಮೆರಿಕದ ಸ್ತ್ರೀವಾದಿ ಕಾನೂನು ಪಂಡಿತೆ ಕ್ಯಾಥರೀನ್ ಮ್ಯಾಕಿನ್ನನ್ ಆ ಪ್ರಶ್ನೆಯನ್ನು ಮುಂದಿಟ್ಟಾಗ ಅಲ್ಲಿನ ನ್ಯಾಯಾಲಯಗಳು ಒಪ್ಪಲಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 1992ರಲ್ಲಿ ಬಟ್ಲರ್ ಪ್ರಕರಣದಲ್ಲಿ, ಹಿಂಸೆಯನ್ನು ಅಥವಾ ಅವಮಾನಕರ ವರ್ತನೆಯನ್ನು ಲೈಂಗಿಕತೆಯೊಂದಿಗೆ ಬೆರೆಸುವ ಚಿತ್ರಗಳಿಂದ ಸಮಾಜಕ್ಕೆ, ವಿಶೇಷವಾಗಿ ಮಹಿಳೆಯರಿಗೆ, ಆಗುವ ಹಾನಿಯನ್ನೇ ಅಳತೆಯಾಗಿಸಿತು. ನನಗೆ ಸರಿಯೆನಿಸುವ ದಾರಿ ಅದೇ. ವಯಸ್ಕನ ಕೋಣೆಗೆ ಪೊಲೀಸರನ್ನು ಕಳುಹಿಸುವ ಕಾನೂನು ಬೇಡ; ಸಮ್ಮತಿಯಿಲ್ಲದೆ ಚಿತ್ರಿಸಲ್ಪಟ್ಟವರ ಪರವಾಗಿ ರಾತ್ರೋರಾತ್ರಿ ಎದ್ದು ನಿಲ್ಲುವ ಕಾನೂನು ಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ಈ ಚರ್ಚೆಗೆ ಎಡೆಯೇ ಇಲ್ಲ. ಹದಿನೆಂಟು ತುಂಬದವರನ್ನು ಲೈಂಗಿಕವಾಗಿ ತೋರಿಸುವ ಚಿತ್ರವನ್ನು ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ವ್ಯಾಪ್ತಿಗೆ ಬರುತ್ತದೆ. ಇಟ್ಟುಕೊಳ್ಳುವುದಕ್ಕೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 15ನೇ ಕಲಂ ಇದೆ. ಬರೀ ನೋಡುವುದು ಅಪರಾಧವಲ್ಲ ಎಂಬ ಮದ್ರಾಸ್ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ತಳ್ಳಿಹಾಕಿತು. ಆದ್ದರಿಂದ ಆ ಹುಡುಗರ ಮೊಬೈಲಿನಲ್ಲಿ ನಿಮ್ಮದೇ ಶಾಲೆಯ ಅಥವಾ ಬೇರೆ ಯಾವುದೇ ಮಗುವಿನ ಚಿತ್ರವಿದೆಯೆಂದು ತಿಳಿದರೆ, ಶಾಲೆಯೊಳಗೇ ಮುಗಿಸುವ ಅಧಿಕಾರ ನಿಮಗಿಲ್ಲ. ಪೊಲೀಸರಿಗೆ ತಿಳಿಸುವುದು ಪೋಕ್ಸೊ 19ನೇ ಕಲಂ ಪ್ರಕಾರ ಕಡ್ಡಾಯ, ತಿಳಿಸದಿರುವುದು ಸ್ವತಃ ಅಪರಾಧ. ಆ ವಿಡಿಯೊವನ್ನು "ಸಾಕ್ಷಿಗಿರಲಿ" ಎಂದು ಶಿಕ್ಷಕರ ಗುಂಪಿಗೆ ಕಳುಹಿಸುವುದಂತೂ ಬೇಡವೇ ಬೇಡ.

ಪ್ರಶ್ನೆ: ಸರ್ಕಾರ ತಡೆಹಿಡಿದ ಜಾಲತಾಣವನ್ನು ವಿಪಿಎನ್ ಬಳಸಿ ನೋಡಿದರೆ ಜೈಲು ಆಗುತ್ತದೆಯೇ?
— ಪದವಿ ವಿದ್ಯಾರ್ಥಿ, ರಾಯಚೂರು

ಉತ್ತರ: ತಡೆಯುವ ಆದೇಶಗಳು ಇಂಟರ್ನೆಟ್ ಸೇವೆ ಕೊಡುವ ಕಂಪನಿಗಳಿಗೆ ಹೊರಟಂಥವು. 2015ರ ಜುಲೈ 31ರಂದು 857 ತಾಣಗಳನ್ನು ತಡೆಯುವಂತೆ ಆದೇಶಿಸಿದ ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿತು. ಉತ್ತರಾಖಂಡ ಹೈಕೋರ್ಟಿನ ನಿರ್ದೇಶನದ ನಂತರ 2018ರಲ್ಲಿ 827 ತಾಣಗಳನ್ನು ಮತ್ತೆ ತಡೆಯಲಾಯಿತು. ವಯಸ್ಕರು ವಯಸ್ಕರ ಚಿತ್ರವನ್ನು ನೋಡಿದ ಮಾತ್ರಕ್ಕೆ ಆ ಆದೇಶಗಳು ಶಿಕ್ಷೆ ವಿಧಿಸುವುದಿಲ್ಲ. ನೋಡಿದ್ದನ್ನು ಗೆಳೆಯನಿಗೆ ಕಳುಹಿಸಿದ ಕ್ಷಣದಿಂದ ನೀವು 67ಎ ಕಲಂನ ಒಳಗೆ ಬರುತ್ತೀರಿ.

ಪ್ರಶ್ನೆ: ಬಸ್ ನಿಲ್ದಾಣದ ಹತ್ತಿರ ನನ್ನ ಮೊಬೈಲ್ ರಿಪೇರಿ ಅಂಗಡಿ ಇದೆ. ಗಿರಾಕಿಗಳು ಕೇಳಿದರೆ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಕೊಡುತ್ತೇವೆ. ಕೆಲವರು "ಆ ತರಹದ್ದು" ಕೇಳುತ್ತಾರೆ. ಅವರೇ ಕೇಳಿದ್ದರಿಂದ ನನ್ನ ತಪ್ಪೇನು?
— ಅಂಗಡಿ ಮಾಲೀಕ, ಗಂಗಾವತಿ

ಉತ್ತರ: ಗಿರಾಕಿ ಕೇಳಿದ್ದು ನಿಮಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮಾರಾಟಕ್ಕಾಗಿ ನಿಮ್ಮ ಕಂಪ್ಯೂಟರಿನಲ್ಲಿ ಅದನ್ನು ಇಟ್ಟುಕೊಂಡಿರುವುದೇ 294ನೇ ಕಲಂ ಪ್ರಕಾರ ಅಪರಾಧ. 1964ರ ಆ ಮುಂಬೈ ವ್ಯಾಪಾರಿ ಕೂಡ ಪುಸ್ತಕದೊಳಗೆ ಏನಿದೆಯೆಂದು ತನಗೆ ತಿಳಿದಿರಲಿಲ್ಲ ಎಂದು ವಾದಿಸಿದ್ದ, ನ್ಯಾಯಾಲಯ ಕೇಳಲಿಲ್ಲ. ಇನ್ನೊಂದು ಮಾತು. ರಿಪೇರಿಗೆ ಬಂದ ಮೊಬೈಲಿನಿಂದ ಯಾರದೋ ಖಾಸಗಿ ಚಿತ್ರ ಹೊರಬಿದ್ದರೆ ಒಂದು ಮನೆತನವೇ ಬೀದಿಗೆ ಬರುತ್ತದೆ. ಅಂಗಡಿಯ ಹುಡುಗರು ಗಿರಾಕಿಯ ಗ್ಯಾಲರಿ ತೆರೆಯದಂತೆ ನೋಡಿಕೊಳ್ಳುವ ಹೊಣೆ ನಿಮ್ಮದೇ.

ಪ್ರಶ್ನೆ: ಮದುವೆಯಾಗುತ್ತೇನೆಂದು ನಂಬಿಸಿದವನು ನಮ್ಮಿಬ್ಬರ ವಿಡಿಯೊ ಮಾಡಿಕೊಂಡಿದ್ದ. ಆಗ ನಾನು ಬೇಡವೆನ್ನಲಿಲ್ಲ. ಈಗ ಹಣ ಕೊಡದಿದ್ದರೆ ಎಲ್ಲರಿಗೂ ಕಳುಹಿಸುತ್ತೇನೆ ಎನ್ನುತ್ತಿದ್ದಾನೆ. ಠಾಣೆಗೆ ಹೋದರೆ, ಒಪ್ಪಿದವಳು ನೀನೇ ಎಂದು ನನ್ನ ಮೇಲೇ ತಿರುಗಿಬಿದ್ದರೆ?
— ಇಪ್ಪತ್ಮೂರರ ಯುವತಿ, ಸಿರುಗುಪ್ಪ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಈ ಭಯಕ್ಕೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂಗೆ ಕೊಟ್ಟ ವಿವರಣೆಯ ಪ್ರಕಾರ, ಚಿತ್ರ ತೆಗೆಯಲು ಮಹಿಳೆ ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದವನು ಅಪರಾಧಿ. ಮೊದಲ ಸಲಕ್ಕೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಸೆರೆವಾಸ. ಅವನು ಇನ್ನೂ ಹಂಚಿಲ್ಲವೆಂದು ಕಾಯಬೇಕಾಗಿಲ್ಲ. ಹೆದರಿಸಿ ಹಣ ಕೇಳುವುದು 308ನೇ ಕಲಂ ಪ್ರಕಾರ ಸುಲಿಗೆಯ ಅಪರಾಧಕ್ಕೆ ಸೇರುತ್ತದೆ, ಬೆದರಿಕೆಗೆ 351ನೇ ಕಲಂ ಇದೆ. ಹಂಚಿದ ಕ್ಷಣ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಮತ್ತು 67ಎ ಕೂಡ ಸೇರಿಕೊಳ್ಳುತ್ತವೆ. ಒಮ್ಮೆ ಒಬ್ಬನನ್ನು ನಂಬಿದ್ದು ಯಾವ ಕಲಂನಲ್ಲೂ ಅಪರಾಧವಲ್ಲ.

ಹಣ ಕೊಡಬೇಡಿ; ಕೊಟ್ಟವರನ್ನು ಇಂಥವರು ಮತ್ತೆ ಮತ್ತೆ ಕೇಳುತ್ತಾರೆ. ಅವನ ಸಂದೇಶಗಳನ್ನು ಅಳಿಸಬೇಡಿ, ದಿನಾಂಕ ಮತ್ತು ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ವಿಡಿಯೊದ ಪ್ರತಿ ನಿಮ್ಮ ಬಳಿ ಇದ್ದರೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯನ್ನು ಬಳಸಬಹುದು. ವಿಡಿಯೊ ನಿಮ್ಮ ಮೊಬೈಲಿನಿಂದ ಹೊರಗೆ ಹೋಗದೆ, ಅದರ ಗುರುತು ಸಂಖ್ಯೆ ಮಾತ್ರ ಆ ಸೇವೆಯೊಂದಿಗೆ ಕೈಜೋಡಿಸಿರುವ ಸಾಮಾಜಿಕ ಜಾಲತಾಣಗಳಿಗೆ ತಲುಪುತ್ತದೆ, ಅವು ಅದನ್ನು ಪತ್ತೆಹಚ್ಚಿ ತಡೆಯುತ್ತವೆ. ದೂರನ್ನು ಬಳ್ಳಾರಿಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ಕೊಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಮೂಲಕವೂ ಕೊಡಬಹುದು. ಘಟನೆ ಎಲ್ಲಿಯೇ ನಡೆದಿರಲಿ, ನಿಮ್ಮ ಹತ್ತಿರದ ಠಾಣೆಯವರು "ಇದು ನಮ್ಮ ವ್ಯಾಪ್ತಿಯಲ್ಲ" ಎಂದು ವಾಪಸ್ ಕಳುಹಿಸುವಂತಿಲ್ಲ. ದೂರು, ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದನ್ನು ಸ್ಪಷ್ಟಪಡಿಸಿದೆ. ದೂರು ದಾಖಲಿಸಿಕೊಳ್ಳಲು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಬರೆಯಿರಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರು. ಎಫ್‌ಐಆರ್ ದಾಖಲಾದ ಮೇಲೆ ಅದರ ಪ್ರತಿಯನ್ನು ಹಣ ಕೊಡದೆ ಕೇಳಿ ಪಡೆಯಿರಿ.